ಕವಿತಳನ್ನು ನೋಡಲು ಯಾರೂ ಬರಲಿಲ್ಲ

ಕೊಪ್ಪದ ಸಿದ್ದರಾಜುವಿನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಅವನ ಹೆಂಡತಿ ಕವಿತ. ಹಾಲು ಕರೆದು ಡೇರಿಗೆ ಹಾಕಿ ಬಂದು, ಅತ್ತೆ ಹೊಂಬಾಳಮ್ಮನಿಗೆ ಕಾಫಿ ಕೊಟ್ಟು, ಮಂಡ್ಯದಲ್ಲಿ ಬಿ.ಎಡ್. ಓದುತ್ತಿದ್ದ ನಾದಿನಿ ಅರ್ಪಿತಳಿಗೆ ಬಸ್ಸು ಬರುವಷ್ಟರಲ್ಲಿ ಡಬ್ಬಿ ಕಟ್ಟುತ್ತಿದ್ದಳು. ಮದುವೆಯಾಗಿ ಹತ್ತು ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಆ ಮಾತು ಮನೆಯಲ್ಲಿ ಯಾವಾಗ ಬೇಕಾದರೂ ಎದ್ದು ನಿಲ್ಲುತ್ತಿತ್ತು. ಕವಿತ ಕೇಳಿಸದವಳಂತೆ ಕೆಲಸ ಮುಂದುವರಿಸುತ್ತಿದ್ದಳು.

ಒಂದು ದಿನ ಗದ್ದೆಯಲ್ಲಿ ನಾಲೆಯ ನೀರು ತಿರುಗಿಸುವ ವಿಚಾರಕ್ಕೆ ಸಿದ್ದರಾಜುವಿಗೂ ದಾಯಾದಿಗಳಿಗೂ ಮಾತು ಬೆಳೆಯಿತು. ಅವನ ತಮ್ಮ ಸಂತೋಷನೂ ಓಡಿ ಬಂದ. ಗುದ್ದಲಿ ಎತ್ತಿದ ಗಂಡನ ತೋಳು ಹಿಡಿಯಲು ಕವಿತ ನಡುವೆ ನುಗ್ಗಿದಳು. ಹಿಡಿತ ತಪ್ಪಿತು, ಒಬ್ಬ ದಾಯಾದಿಯ ತಲೆ ಒಡೆಯಿತು. ಆಸ್ಪತ್ರೆಯ ಹಾಸಿಗೆಯಿಂದ ಅವನು ಕೊಟ್ಟ ದೂರಿನಲ್ಲಿ ಮೂವರ ಹೆಸರೂ ಇತ್ತು. ಕೊಲೆಯತ್ನದ ಕೇಸಾಯಿತು. ಅಣ್ಣ ತಮ್ಮಂದಿರು ಜೈಲಿನ ಗಂಡಸರ ಕಡೆಗೆ, ಕವಿತ ಹೆಂಗಸರ ಬ್ಯಾರಕ್ಕಿಗೆ ಹೋದರು.

ಮೂವರಿಗೂ ಕೋರ್ಟು ಒಂದೇ ದಿನ ಜಾಮೀನು ಕೊಟ್ಟಿತು. ಆದರೆ ಜಾಮೀನು ಸಿಕ್ಕುವುದೇ ಬೇರೆ, ಬಾಗಿಲು ದಾಟುವುದೇ ಬೇರೆ. ಒಬ್ಬೊಬ್ಬರಿಗೂ ಜಮೀನಿರುವ ಯಾರಾದರೂ ಬಂದು, ಇವರು ಓಡಿಹೋಗುವುದಿಲ್ಲ, ನಾನು ಹೊಣೆ ಎಂದು ನಿಲ್ಲಬೇಕು. ಗಂಡುಮಕ್ಕಳಿಗೆ ಸೋದರಮಾವ ಕೆಂಪಸಿದ್ದಯ್ಯನೂ ಅವನ ಮಗನೂ ಪಹಣಿ ಹಿಡಿದು ಬಂದು ನಿಂತರು. ಅವರಿಬ್ಬರೂ ಮನೆ ಸೇರಿದ ಭಾನುವಾರ ಬಾಡೂಟವಾಯಿತು. ಕವಿತಳಿಗೆ ಯಾರೂ ನಿಲ್ಲಲಿಲ್ಲ. ಮಳವಳ್ಳಿ ಕಡೆಯ ಅವಳ ಅಣ್ಣ, ಕೊಟ್ಟ ಮೇಲೆ ಅದು ಗಂಡನ ಮನೆಯವರ ಪಾಡು ಎಂದು ಫೋನಿಟ್ಟ.

ಜೈಲಿನಲ್ಲಿ ವಾರಕ್ಕೊಮ್ಮೆ ಭೇಟಿಯ ದಿನ. ಅಂದು ಗಂಡಸರ ಕಡೆ ಸಂತೆಯಂತೆ ಗದ್ದಲ. ಹೆಂಡತಿಯರು, ತಾಯಂದಿರು ಬಾಳೆಹಣ್ಣು, ಸೋಪು, ಒಗೆದ ಬಟ್ಟೆ ಹಿಡಿದು ಬೆಳಗಿನಿಂದಲೇ ಸಾಲು ನಿಲ್ಲುತ್ತಿದ್ದರು. ಹೆಂಗಸರ ಬ್ಯಾರಕ್ಕಿನಲ್ಲಿ ಆ ದಿನಕ್ಕೂ ಉಳಿದ ದಿನಕ್ಕೂ ವ್ಯತ್ಯಾಸವಿರಲಿಲ್ಲ. ಹಿಡಿಸಲಾರದಷ್ಟು ಜನ, ಒಂದೇ ನಲ್ಲಿ. ರಾತ್ರಿ ಒಬ್ಬಳು ಮಗ್ಗುಲು ಬದಲಿಸಿದರೆ ಪಕ್ಕದವಳೂ ಬದಲಿಸಬೇಕು.

ಕವಿತಳಿಗೆ ಮಗ್ಗುಲಲ್ಲಿ ಜಾಗ ಮಾಡಿಕೊಟ್ಟವಳು ಆಮಿನಾ. ಮದ್ದೂರಿನ ವಯಸ್ಸಾದ ಹೆಂಗಸು. ನೆರೆಮನೆಯವರೊಡನೆ ಹೊಡೆದಾಟವಾಗಿ ಗಂಡ, ಮಗನ ಜೊತೆ ಬಂದವಳು. ಅವರಿಬ್ಬರೂ ಯಾವಾಗಲೋ ಜಾಮೀನಿನ ಮೇಲೆ ಹೊರಗೆ ಹೋಗಿದ್ದರು.

"ಮೊದಮೊದಲು ತಲೆ ಬಾಚಿಕೊಂಡು ಕೂರ್ತಿದ್ದೆ ಕಣಮ್ಮ, ಯಾರಾದ್ರೂ ಬರ್ತಾರೆ ಅಂತ," ಎಂದಳು ಆಮಿನಾ. "ಈಗ ಆ ಹೊತ್ನಲ್ಲಿ ನಿದ್ದೆ ಮಾಡ್ತೀನಿ."

ಕವಿತಳಿಗೆ ಮುಟ್ಟು ನಿಲ್ಲದೆ ರಕ್ತ ಹೋಗತೊಡಗಿತು. ಉಡುವ ಸೀರೆಯನ್ನೇ ಹರಿದು ಬಟ್ಟೆ ಮಾಡಿಕೊಂಡಳು. ಬಂದುಹೋಗುವ ವೈದ್ಯರು ಮಾತ್ರೆ ಕೊಟ್ಟರು. ಆಮೇಲೆ, ಸ್ಕ್ಯಾನಿಂಗ್ ಆಗಲೇಬೇಕು, ದೊಡ್ಡಾಸ್ಪತ್ರೆಗೆ ಕಳಿಸಿ ಎಂದು ಬರೆದರು. ಕಳಿಸಲು ಜೊತೆಗೆ ಪೊಲೀಸರು ಬೇಕು. ಅವರು ಒಮ್ಮೆ ಚುನಾವಣೆಗೆ, ಇನ್ನೊಮ್ಮೆ ಯಾರದೋ ಬಂದೋಬಸ್ತಿಗೆ. ಕಾವಲಿನ ಹೆಂಗಸು ಕೆಟ್ಟವಳಲ್ಲ. "ನಾನೇನ್ ಮಾಡ್ಲಿ ಹೇಳು, ಗಾರ್ಡ್ ಬಂದ್ರೆ ನಿನ್ನೇ ಮೊದಲು ಕಳಿಸ್ತೀನಿ," ಎನ್ನುತ್ತಿದ್ದಳು. ಗಾರ್ಡ್ ಬರುತ್ತಿರಲಿಲ್ಲ.

ಬಡವರ ಪರವಾಗಿ ಸರ್ಕಾರ ನೇಮಿಸುವ ವಕೀಲರಲ್ಲಿ ನಾಜಿಮಾ ಒಬ್ಬಳು. ಹೆಂಗಸರ ಬ್ಯಾರಕ್ಕಿಗೆ ಬಂದಾಗ ಕವಿತಳ ಬಿಳಿಚಿದ ಮುಖ ಕಂಡು ಕೇಸೇನು ಎಂದು ವಿಚಾರಿಸಿದಳು. ಜಾಮೀನಾಗಿದೆ ಎಂದು ತಿಳಿದಾಗ ಮೊದಲು ನಂಬಲಿಲ್ಲ. ಅದೇ ವಾರ ಕೊಪ್ಪಕ್ಕೆ ಹೋದಳು.

ಜಗಲಿಯ ಮೇಲೆ ಹೊಂಬಾಳಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಸಿದ್ದರಾಜು ಕಂಬಕ್ಕೊರಗಿ ನಿಂತಿದ್ದ. ನಾಜಿಮಾಳ ಮಾತನ್ನೆಲ್ಲ ಕೇಳಿದ ಮೇಲೆ ಹೊಂಬಾಳಮ್ಮ ಹೇಳಿದಳು:

"ಬಿಡಿಸ್ಬಾರ್ದು ಅಂತೇನಿಲ್ಲ ಕಣವ್ವ. ನಮ್ಮುಡ್ಗಿಗೆ ಬಸರಾಳಲ್ಲಿ ಗಂಡು ಗೊತ್ತಾಗದೆ. ಅದೊಂದು ಮದ್ವೆ ಆಗೋಗ್ಲಿ. ಆಮೇಕೆ ನೋಡುಮ."

"ನಿಮ್ಮ ಗಂಡುಮಕ್ಕಳು ಜೈಲಿಗೆ ಹೋಗಿದ್ದು ಬಸರಾಳಿನವರಿಗೆ ಗೊತ್ತಿಲ್ವಾ?"

"ಗೊತ್ತದೆ. ಗಂಡಸ್ರು ನೀರಿಗೆ, ಗಡಿಗೆ ಒಡ್ದಾಡ್ತಾರೆ, ಓಯ್ತಾರೆ, ಬತ್ತಾರೆ. ಎಂಗ್ಸು ಆ ಬಾಗ್ಲು ತುಳ್ದು ಬಂದವ್ಳೆ ಅಂದ್ರೆ ಆ ಮನೆ ಎಣ್ಣ ಯಾರು ತಕ್ಕೊಂಡಾರು? ಅವ್ರೇ ಅಂದವ್ರೆ, ಅವ್ಳು ಹಸೆ ಮುಂದೆ ಕಾಣುಸ್ಕಬಾರ್ದು ಅಂತ."

"ಅಮ್ಮ, ನಿಮ್ಮ ಸೊಸೆ ತಪ್ಪು ಮಾಡಿದಾರೆ ಅಂತ ಕೋರ್ಟು ಹೇಳಿಲ್ಲ. ಮನೆಗೆ ಹೋಗಿರು ಅಂತ ಹೇಳಿದೆ. ಈಗ ಅವರನ್ನ ಒಳಗಿಟ್ಟಿರೋದು ನೀವು. ಅವರಿಗೆ ಮೈಯಲ್ಲಿ ರಕ್ತ ಇಲ್ಲ."

"ಮಗು ಮರಿ ಇದ್ದಿದ್ರೆ ಬ್ಯಾರೆ ಮಾತು," ಎಂದು ಹೊಂಬಾಳಮ್ಮ ಸಿಪ್ಪೆಯನ್ನು ಸೆರಗಿನಿಂದ ಕೊಡವಿದಳು. "ಇನ್ನೊಂದೆರಡು ತಿಂಗ್ಳು ತಡ್ಕಳಕ್ಕಾಗಲ್ವ?"

ನಾಜಿಮಾ ಸಿದ್ದರಾಜುವಿನ ಕಡೆ ತಿರುಗಿದಳು. "ನೀವೇ ಎತ್ತಿದ ಗುದ್ದಲಿ. ನೀವೇನ್ ಹೇಳ್ತೀರಿ?"

ಅವನು ನೆಲ ನೋಡಿದ. "ಅವ್ವ ಯೋಳಿದ್ ಮೇಲೆ..." ಎಂದ.

ಕಾಫಿ ತಂದಿದ್ದ ಅರ್ಪಿತ ಹೊಸಿಲಲ್ಲೇ ನಿಂತಿದ್ದಳು. ಅತ್ತಿಗೆಗೆ ಕೋರ್ಟು ಜಾಮೀನು ಕೊಟ್ಟಿಲ್ಲ ಎಂದೇ ಮನೆಯವರು ಅವಳಿಗೆ ಹೇಳಿದ್ದರು.

ಮುಂದಿನ ಭೇಟಿಯ ದಿನ ಅವಳು ಕಾಲೇಜಿಗೆ ಹೋಗದೆ ನಾಜಿಮಾಳ ಜೊತೆ ಜೈಲಿಗೆ ಹೋದಳು. ಜಾಲರಿಯ ಆಚೆ ಬಂದು ನಿಂತವಳನ್ನು ಗುರುತಿಸಲು ತುಸು ಹೊತ್ತು ಬೇಕಾಯಿತು. ಮುಖ ಊದಿತ್ತು, ತುಟಿಗೆ ಬಣ್ಣವಿರಲಿಲ್ಲ. ಕವಿತ ಮಾತ್ರ ಹಸು ಕರು ಹಾಕಿತೇ, ಡಬ್ಬಿ ಯಾರು ಕಟ್ಟುತ್ತಾರೆ ಎಂದೆಲ್ಲ ಕೇಳಿದಳು.

"ಅತ್ಗೆ, ನಿಂಗೆ ಜಾಮೀನಾಗಿತ್ತು. ನನ್ ಮದ್ವೆಗೋಸ್ಕರ ನಿನ್ನ ಬುಟ್ಬುಟ್ಟವ್ರೆ."

"ಗೊತ್ತು ಕಣವ್ವ. ವಕೀಲ್ರಮ್ಮ ಯೋಳಿದ್ರು." ಕವಿತ ಜಾಲರಿಗೆ ಬೆರಳು ಸಿಕ್ಕಿಸಿಕೊಂಡಳು. "ಆಗೋಗ್ಲಿ ಬುಡು. ನಾ ಇಲ್ಲೇ ಇರ್ತೀನಿ. ನೀ ಅಳ್ತಾ ಹಸೆಗೆ ಕುಂತ್ಕಬ್ಯಾಡ."

ಅಂದು ಸಂಜೆ ಅರ್ಪಿತ ಅಡುಗೆಮನೆಯಲ್ಲಿ ಎಲ್ಲರೂ ಉಣ್ಣುತ್ತಿದ್ದಾಗ ಹೇಳಿದಳು. ಕೂಗಾಡಲಿಲ್ಲ.

"ಅತ್ಗೆ ಮನೆಗೆ ಬರ್ದೆ ನಾನ್ ಮದ್ವೆ ಆಗಲ್ಲ. ಬಸರಾಳಿನ ಪುನೀತ್‌ಗೂ ಫೋನ್ ಮಾಡಿ ಯೋಳಿದೀನಿ."

ಸಂತೋಷ ತುತ್ತು ಕೆಳಗಿಟ್ಟ. "ತಲೆ ಕೆಟ್ಟದಾ ನಿಂಗೆ? ಅವ್ನೇನಂದ?"

"ಅಪ್ಪನ್ನ ಕೇಳ್ತೀನಿ ಅಂದ. ನಾಳೆ ನಾನೇ ಒಳಗೋದ್ರೆ ಯಾರನ್ ಕೇಳ್ತೀಯ ಅಂದೆ. ಫೋನ್ ಮಡಗ್ದ."

"ಊರೋರು ಉಗೀತಾರೆ ಕಣೇ," ಎಂದಳು ಹೊಂಬಾಳಮ್ಮ.

"ಉಗೀಲಿ ಅವ್ವ. ನಿನ್ ಮಕ್ಳು ಒಳಗಿದ್ದಾಗ ಬಸ್ಸಲ್ಲಿ ನಿಂತ್ಕೊಂಡು ಮುದ್ದೆ ಒತ್ಕೊಂಡ್ ಓದ್ಯಲ್ಲ, ಪಕ್ಕದ ಗೋಡೆ ಆಚೆ ಅವ್ಳೂ ಇದ್ಲು. ಒಂದ್ ಸಲನಾರ ಕರೆಸಿದ್ಯಾ?"

ಹೊಂಬಾಳಮ್ಮ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಬಸರಾಳಿನ ಉತ್ತರ ಬೇಗ ಬಂತು. ಪುನೀತನ ತಂದೆ ಮರಿಸಿದ್ದಯ್ಯ ಬೇರೆ ಕಡೆ ಹೆಣ್ಣು ನೋಡುವುದಾಗಿ ಹೇಳಿ ಕಳಿಸಿದ. ಹೊಂಬಾಳಮ್ಮ ಮಗಳ ಜೊತೆ ಮಾತು ಬಿಟ್ಟಳು. ಕೆಂಪಸಿದ್ದಯ್ಯ, ಇನ್ನು ಈ ಮನೆಯ ಯಾರಿಗೂ ಹೊಣೆ ನಿಲ್ಲುವುದಿಲ್ಲ ಎಂದ.

ನಾಜಿಮಾ ಕೋರ್ಟಿಗೆ ಅರ್ಜಿ ಹಾಕಿದಳು. ಈಕೆಗೆ ಹೊಣೆ ನಿಲ್ಲುವವರಿಲ್ಲ, ಕಾಯಿಲೆಯಿದೆ, ಇವಳ ಸ್ವಂತ ಮಾತಿನ ಮೇಲೆಯೇ ಬಿಡಬೇಕು ಎಂದು ಕೇಳಿದಳು. ಹಾಗೆ ಬಿಡಲು ಕಾನೂನಿನಲ್ಲಿ ದಾರಿಯಿದೆ. ಕೇಳುವವರು ಬೇಕು, ಅಷ್ಟೆ. ಹೋಗಿ ಇರುವುದೆಲ್ಲಿ ಎಂದು ನ್ಯಾಯಾಧೀಶರು ಕೇಳಿದಾಗ ಅರ್ಪಿತ ಎದ್ದು ನಿಂತಳು. "ನಮ್ಮನೆಯಲ್ಲಿ ಸಾರ್. ಅದು ಅವರ ಮನೆ," ಎಂದಳು. ನ್ಯಾಯಾಧೀಶರು ಒಪ್ಪಿದರು.

ಕವಿತಳನ್ನು ಜೈಲಿನ ಬಾಗಿಲಿನಿಂದ ನೇರ ಆಸ್ಪತ್ರೆಗೆ ಕರೆದೊಯ್ದರು. ಹೊಟ್ಟೆಯಲ್ಲಿ ಗೆಡ್ಡೆ ಬೆಳೆದುಬಿಟ್ಟಿತ್ತು. ಗರ್ಭಕೋಶವನ್ನೇ ತೆಗೆಯಬೇಕಾಯಿತು. ಕೆಲವು ತಿಂಗಳ ಹಿಂದೆ ಬಂದಿದ್ದರೆ ಗೆಡ್ಡೆಯನ್ನಷ್ಟೇ ತೆಗೆಯಬಹುದಿತ್ತು ಎಂದರು ವೈದ್ಯೆ. ಆ ಮಾತು ಕೇಳಿದ ಹೊಂಬಾಳಮ್ಮ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತವಳು ಸಂಜೆಯ ತನಕ ಏಳಲಿಲ್ಲ. ಓದುಗರೇ, ಈ ಹೆಣ್ಣಿಗೆ ಯಾವ ಕೋರ್ಟೂ ಶಿಕ್ಷೆ ವಿಧಿಸಿರಲಿಲ್ಲ. ಅವಳ ಕೇಸಿನ ವಿಚಾರಣೆ ಇನ್ನೂ ಶುರುವಾಗಿಲ್ಲ.

ಚೇತರಿಸಿಕೊಂಡ ಮೇಲೆ ಕವಿತ ಮತ್ತೆ ಕ್ಯಾನು ಹಿಡಿದು ಡೇರಿಯ ಸಾಲಿನಲ್ಲಿ ನಿಂತಳು. ಮುಂದಿದ್ದ ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಳು ಮೆಲ್ಲಗೆ, "ಅಲ್ಲಿ ಎಂಗಿತ್ತಕ್ಕ?" ಎಂದಳು.

"ನಮ್ ನಿಮ್ಮಂತೋರೇ ಅವ್ರೆ ಕಣವ್ವ," ಎಂದಳು ಕವಿತ. "ನೋಡಕ್ ಯಾರೂ ಬರಾಕಿಲ್ಲ, ಅಷ್ಟೆ."

ಒಂದು ಭೇಟಿಯ ದಿನ ಅವಳು ಸೋಪು, ಕೊಬ್ಬರಿ ಎಣ್ಣೆ, ಒಂದು ಹೊಸ ಹತ್ತಿ ಸೀರೆ ಚೀಲಕ್ಕೆ ತುಂಬಿದಳು. "ತಿರ್ಗಾ ಆ ಬಾಗ್ಲಿಗೇ ಓಯ್ತಿಯಾ?" ಎಂದಳು ಹೊಂಬಾಳಮ್ಮ. "ಊ ಕಣತ್ತೆ," ಎಂದು ಕವಿತ ಚಪ್ಪಲಿ ಮೆಟ್ಟಿದಳು. ಸಿದ್ದರಾಜು ಬೈಕು ತೆಗೆದ. ಜೈಲಿನ ತನಕ ಬಂದು, ಒಳಗೆ ಬರಲಾರದೆ ಟೀ ಅಂಗಡಿಯ ಬಳಿ ನಿಂತ. ಅವಳು ಒತ್ತಾಯಿಸಲಿಲ್ಲ.

ಕಾವಲಿನ ಹೆಂಗಸು ಅವಳನ್ನು ನೋಡಿ, ಗುರುತಿಸಿ, ಒಳಗೆ ತಿರುಗಿ ಕೂಗಿದಳು:

"ಆಮಿನಾ, ನಿನ್ನ ನೋಡೋಕೆ ಬಂದಿದಾರೆ."

ಒಳಗಿನಿಂದ ಯಾರೂ ಬರಲಿಲ್ಲ. ಕಾವಲಿನವಳು ಮತ್ತೊಮ್ಮೆ ಕೂಗಿದಳು. ಆಮೇಲೆ ನಿದ್ದೆಗಣ್ಣಿನ ದನಿಯೊಂದು ಕೇಳಿಸಿತು.

"ನಾನಲ್ಲಮ್ಮ, ಬೇರೆ ಯಾರೋ ಇರಬೇಕು, ಸರಿಯಾಗಿ ನೋಡಿ."

"ನೀನೇ ಕಣಕ್ಕ," ಎಂದು ಕವಿತ ಜಾಲರಿಗೆ ಮುಖ ಹಚ್ಚಿ ಕೂಗಿದಳು, "ಎದ್ದು ಬಾ."