ಕಲ್ಲಿಗೊಗ್ಗದ ಪದ

ನಮ್ಮ ಬಾವ ತೋಟಪ್ಪನವರು ಮಗಳ ಮದುವೆಗೆ ಮೈಕ್ ಸೆಟ್ ಗೊತ್ತುಮಾಡಿ ಬಂದ ದಿನವೇ ನನಗೆ ಮೈಯೆಲ್ಲ ಉರಿದಿತ್ತು. ಐವತ್ತೆಂಟನೆಯ ಇಸವಿಯ ಮಾತು. ಶಿರಾಳಕೊಪ್ಪದಲ್ಲಿ ನಮ್ಮದು ಬೆಲ್ಲದ ಅಂಗಡಿ, ನಾಲ್ಕು ಜನ ಗುರುತಿಸುವ ಮನೆ. ಮದುವೆ ಜೋರಾಗಿಯೇ ಆಗಲಿ, ಬೇಡವೆಂದವರಾರು? ಆದರೆ ಬಾವನವರು ಬೀಸುವ ಶಾಸ್ತ್ರಕ್ಕೂ ಮೈಕೇ ಹಾಡಲಿ ಎಂದರು.

"ಸೊರಬದಿಂದ ಪುಟ್ಟಪ್ಪ ಬರ್ತಾನೆ. ಬೀಸೋ ಪದದ್ದೇ ಗ್ರಾಮಫೋನ್ ಪ್ಲೇಟು ಐತಂತೆ ಅವನತ್ರ, ಪ್ಯಾಟೆಯೋರು ಹಾಡಿದ್ದು. ಈ ಸಲ ಹಾಲಮ್ಮತ್ತೆಗೆ ತ್ರಾಸು ಕೊಡೋದು ಬ್ಯಾಡ."

ತ್ರಾಸಂತೆ! ಹಾಲಮ್ಮತ್ತೆ ಬಾವನವರಿಗೂ ನನ್ನ ಗಂಡ ಸದಾಶಿವಪ್ಪನಿಗೂ ಸೋದರತ್ತೆ. ಗಂಡ ಸತ್ತ ಮೇಲೆ ತವರೂರಿಗೆ ಬಂದು, ಬಜಾರಿನ ಆಚೆ ತುದಿಯ ಒಂದಂಕಣದ ಮನೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದಳು. ವಿಧವೆಯೆಂದು ಯಾವ ಶಾಸ್ತ್ರಕ್ಕೂ ಕೈ ಹಚ್ಚಗೊಡುತ್ತಿರಲಿಲ್ಲ. ಬೀಸುವ ದಿನ ಮಾತ್ರ ಅವಳನ್ನು ಕರೆಯದೆ ಗತಿಯಿರಲಿಲ್ಲ, ಅಷ್ಟು ಪದ ಬಲ್ಲವರು ಊರಿನಲ್ಲಿ ಇನ್ನೊಬ್ಬರಿಲ್ಲ. ಮುತ್ತೈದೆಯರು ಒಳಗೆ ಬೀಸಬೇಕು, ಅವಳು ಬಾಗಿಲ ಹೊರಗೆ ಜಗಲಿಯ ಮೇಲೆ ಕೂತು ಹಾಡಬೇಕು. ವರ್ಷಕ್ಕೆ ನಾಲ್ಕೈದು ಮದುವೆ. ಆ ನಾಲ್ಕೈದು ದಿನ ಅವಳು ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬರುತ್ತಿದ್ದಳು. ಮಂದಿಯ ನಡುವೆ ಅವಳಿಗಿದ್ದದ್ದು ಆ ಜಗಲಿಯ ಜಾಗವೊಂದೇ. ಈಗ ಅದನ್ನೂ ಪ್ಲೇಟಿಗೆ ಕೊಟ್ಟರು.

ಹಿಟ್ಟಿನ ಗಿರಣಿ ಊರಿಗೆ ಬಂದು ಬಹಳ ದಿನವಾಗಿತ್ತು. ಹೋಳಿಗೆಯ ಗೋಧಿಯೆಲ್ಲ ಅಲ್ಲಿಗೇ ಹೋಗುತ್ತಿತ್ತು. ಆದರೆ ಮದುವೆಯ ಮೊದಲ ಎರಡು ಸೇರು ಮನೆಯ ಬೀಸುವ ಕಲ್ಲಿನಲ್ಲೇ ಆಗಬೇಕು. ಒಮ್ಮೆ ಗೂಟ ಹಿಡಿದರೆ ಕಾಳು ಮುಗಿಯುವ ತನಕ ಕಲ್ಲು ನಿಲ್ಲಬಾರದು. ನಿಂತರೆ ಗಂಡನ ಮನೆಗೆ ಹೊರಟ ಹುಡುಗಿ ಅರ್ಧ ದಾರಿಯಲ್ಲಿ ತವರಿಗೆ ತಿರುಗುತ್ತಾಳೆಂದು ನಮ್ಮಲ್ಲಿ ನಂಬಿಕೆ.

ಆ ದಿನ ಸಂತೆ ಬೇರೆ. ಪುಟ್ಟಪ್ಪ ಹಂಚಿನ ಮೇಲೆ ಮೈಕಿನ ತುತ್ತೂರಿ ಕಟ್ಟಿ, ಪಡಸಾಲೆಯಲ್ಲಿ ಪೆಟ್ಟಿಗೆ ತೆರೆದು ಕೂತ. ಕಲ್ಲಿನ ಒಂದು ಕಡೆ ನಾನು, ಎದುರಿಗೆ ಮದುವೆ ಹುಡುಗಿಯ ತಾಯಿ, ನನ್ನ ವಾರಗಿತ್ತಿ ನೀಲಾಂಬಿಕಕ್ಕ. ಕರೆಯದಿದ್ದರೂ ಹಾಲಮ್ಮತ್ತೆ ಬಂದು ಜಗಲಿಯ ಮೇಲೆ ಕೂತಳು. ಇವತ್ತು ನಿನ್ನ ಹಾಡಿಲ್ಲವಲ್ಲ ಅತ್ತೆ ಎಂದು ಬಾವನವರು ಮೆಲ್ಲಗೆ ಹೇಳಿದರು.

"ಕೇಳಾಕೆ ಬಂದೀನಿ ಕಣಪ್ಪ. ಕೇಳಬಾರ್ದು ಅಂತ ಶಾಸ್ತ್ರ ಐತೇನು?" ಎಂದಳು.

ಪ್ಲೇಟು ತಿರುಗಿತು. ಮೊದಲು ಕ್ಲಾರಿನೆಟ್, ಆಮೇಲೆ ತಬಲ, ಆಮೇಲೆ ಒಬ್ಬಳ ತೆಳ್ಳನೆಯ ದನಿ. ನಡುನಡುವೆ ಯಾರೋ ಗಂಡಸು ಗಹಗಹಿಸಿ ನಗುತ್ತಾನೆ. ಬೀಸುವಲ್ಲಿ ಗಂಡಸಿಗೇನು ಕೆಲಸ? ಅವಳ ಪದ ಎತ್ತು ಬೆದರಿದ ಗಾಡಿಯ ಹಾಗೆ ಓಡುತ್ತಿತ್ತು. ಜನ್ಮದಲ್ಲಿ ಗೂಟ ಮುಟ್ಟಿದವಳಲ್ಲ ಎಂದು ಎರಡನೆಯ ಸಾಲಿಗೇ ತಿಳಿಯಿತು. ಬೀಸುವ ಪದ ಕಿವಿಗಲ್ಲ, ರಟ್ಟೆಗೆ. ಎರಡನೆಯ ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವಾಗ ಒಂದು ಹಿಡಿ ಕಾಳು ಬೀಳಬೇಕು, ಮೂರನೆಯ ಸಾಲಿನಲ್ಲಿ ಅದು ನುರಿಯಬೇಕು. ಇಲ್ಲಿ ಉಸಿರಿಗೇ ಜಾಗವಿರಲಿಲ್ಲ. ಓಟಕ್ಕೆ ಓಟ ಸೇರಿಸಿ ತಿರುವಿದೆವು, ಗೋಧಿ ಸೀಳಿ ಸೀಳಿ ಹೊರಗೆ ಚಿಮ್ಮಿತು. ಅತ್ತ ಹಿಟ್ಟೂ ಅಲ್ಲ, ಇತ್ತ ರವೆಯೂ ಅಲ್ಲ.

ಅಷ್ಟರಲ್ಲಿ ಪ್ಲೇಟು ಮುಗಿಯಿತು. ಮೂರು ನಿಮಿಷದ ಪದ! ಪುಟ್ಟಪ್ಪ ಕೀಲಿ ಕೊಟ್ಟು ಮುಳ್ಳು ಬದಲಿಸುವ ತನಕ ನಾವೇನು ಮಾಡಬೇಕು? ಅಕ್ಕ ಎಳೆಯುವಾಗಲೇ ನಾನೂ ಎಳೆದೆ. ಕಲ್ಲು ಕುಂಟಿತು. ಅಕ್ಕನ ಮುಖ ಬಿಳಿಚಿಕೊಂಡಿತು. ನಾನು ಎರಡು ಕೈಯಿಂದಲೂ ಗೂಟ ಹಿಡಿದು ಹೇಗೋ ತಿರುವಿದೆ. ಮತ್ತೆ ಅದೇ ಕ್ಲಾರಿನೆಟ್ ಶುರುವಾಯಿತು, ಮತ್ತೆ ಅದೇ ನಗು.

"ಪುಟ್ಟಪ್ಪಾ, ನಿಲ್ಸಪ್ಪ ಅದನ್ನ," ಎಂದೆ. "ಅಕ್ಕಾ, ಇನ್ನು ನಾಲ್ಕು ಸುತ್ತಿಗೆ ಈ ಕಲ್ಲು ನಿಂತು ಹೋಗ್ತತಿ. ಅತ್ತೇನೇ ಹಾಡ್ಲಿ."

ಬಾವನವರಿಗೂ ಹೆದರಿಕೆ ಹತ್ತಿತ್ತು. ಜಗಲಿಗೆ ಹೋಗಿ, "ನೀನೇ ಹಾಡಿಬಿಡು ಅತ್ತೆ, ಅಲ್ಲೇ ಕುಂತು," ಎಂದರು.

ಹಾಲಮ್ಮತ್ತೆ ಎದ್ದು ನಿಂತಳು. ಹಾಡಲಿಲ್ಲ.

"ಇಪ್ಪತ್ತೆರಡು ವರ್ಷ ನನ್ನ ದನಿ ಒಳಗೆ ಹೋತು, ನಾನು ಹೊರಗೇ ಕುಂತೆ. ಅದೂ ಬ್ಯಾಡ ಅಂದ್ರಿ ಇವತ್ತು. ಇನ್ನು ನನ್ನ ಕೈ ಬ್ಯಾಡಾದ್ರೆ ನನ್ನ ಪದಾನೂ ಇಲ್ಲ, ತೋಟಪ್ಪ. ಬಂದ್ರೆ ಎರಡೂ ಬರ್ತಾವೆ."

"ಹಂಗೆಲ್ಲ ಬರಲ್ಲ ಅತ್ತೆ. ಅದು ಮುತ್ತೈದೇರು ಬೀಸೋ ಕಲ್ಲು."

ಬಾವನವರ ಎದುರು ನಾನು ಅಲ್ಲಿಯ ತನಕ ದನಿ ಎತ್ತಿದವಳಲ್ಲ. ಆ ದಿನ ಸೆರಗು ಸರಿಮಾಡಿಕೊಳ್ಳಲೂ ಇಲ್ಲ, ಕೈ ಗೂಟದ ಮೇಲಿತ್ತು.

"ಪ್ಲೇಟಿನಾಗಿನಾಕಿ ಮುತ್ತೈದೆ ಹೌದೋ ಅಲ್ಲೋ, ನೀವು ನೋಡೀರೇನು ಬಾವಾ? ಆ ನಗೋ ಗಂಡಸು ಯಾರ ಮನೆಯೋನು? ಕುಲ ಗೊತ್ತಿಲ್ಲ, ಊರು ಗೊತ್ತಿಲ್ಲ, ಅವರನ್ನ ಮೈಕು ಕಟ್ಟಿ ಒಳಗೆ ಕರಕೊಂಡ್ರಿ. ನಿಮ್ಮನ್ನ ಎತ್ತಿ ಆಡಿಸಿದಾಕಿ ಮಾತ್ರ ಹೊಸ್ತಿಲು ದಾಟಬಾರ್ದು. ಹಂಗಾದ್ರೆ ನಾನೂ ಕೈ ಬಿಡ್ತೀನಿ. ನಿಮ್ಮ ಪ್ಲೇಟೇ ಬಂದು ಬೀಸ್ಲಿ."

ಬಾವನವರು ನನ್ನ ಗಂಡನ ಕಡೆ ನೋಡಿದರು. ನಮ್ಮವರು ಸೂರಿನ ಕಡೆ ನೋಡುತ್ತಿದ್ದರು. ನಾನು ಕಲ್ಲನ್ನು ಬಿಟ್ಟೇನೆಂದು ಹೇಳಿದ್ದೆನೇ ಹೊರತು, ಬಿಡುವ ಧೈರ್ಯ ನನಗೂ ಇರಲಿಲ್ಲ. ಒಂದೊಂದೇ ಚಿಟಿಕೆ ಕಾಳು ಹಾಕುತ್ತ ತಿರುವುತ್ತಲೇ ಇದ್ದೆ. ಭುಜ ಬಿದ್ದುಹೋಗುತ್ತಿತ್ತು.

ಆಗ ನೀಲಾಂಬಿಕಕ್ಕ ಚಾಪೆಯಿಂದ ಸರಿದು ಕೂತಳು. ಮಾತು ಕಡಿಮೆಯ ಹೆಂಗಸು, ಮಗಳೆಂದರೆ ಜೀವ.

"ಬರ್ರಿ ಅತ್ತೆ, ಕೂತ್ಕೊಳ್ರಿ," ಎಂದಳು.

"ನೀಲಾ, ಮಂದಿ ಏನಂತಾರೆ?" ಎಂದರು ಬಾವನವರು.

"ಮಂದಿ ಏನಾರ ಅನ್ಲಿ. ನನ್ನ ಮಗಳು ಅರ್ಧ ದಾರೀಲಿ ತಿರುಗಿ ಬರೋದು ಬ್ಯಾಡ."

ಹಾಲಮ್ಮತ್ತೆ ಒಳಗೆ ಬಂದು ಕೂತಳು. ಗೂಟ ಹಿಡಿಯುವ ಮುಂಚೆ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಎರಡು ಸುತ್ತು ಸುಮ್ಮನೆ ತಿರುವಿ, ಕಲ್ಲಿನ ತೂಕ ನೋಡಿಕೊಂಡು, ಆಮೇಲೆ ಎತ್ತಿಕೊಂಡಳು:

ಕಲ್ಲೀಗೆ ಕಾಳಿಟ್ಟೆ ಮೆಲ್ಲಾಕೆ ತಿರುಗವ್ವ
ಎಲ್ಲೀಗೂ ಹೋಗೋ ಅವಸರ ನಮಗಿಲ್ಲ
ಬೆಲ್ಲಾವೂ ಹಿಟ್ಟೂ ಬೆರೆಯಾಲಿ

ದನಿ ಒಡಕು. ಆ ಪೇಟೆಯವಳ ದನಿಯ ಅರ್ಧದಷ್ಟೂ ಇಂಪಿರಲಿಲ್ಲ, ಸುಳ್ಳೇಕೆ ಹೇಳಲಿ? ಆದರೆ ನನ್ನ ಸೋತ ತೋಳಿಗೆ ಯಾರೋ ಇನ್ನೊಂದು ತೋಳು ಕೊಟ್ಟ ಹಾಗಾಯಿತು. ಕಾಳು ಬೀಳುವಲ್ಲಿ ಬಿತ್ತು, ನುರಿಯುವಲ್ಲಿ ನುರಿಯಿತು. ಕಲ್ಲಿನ ಸುತ್ತ ಹಿಟ್ಟು ಹುಡಿಹುಡಿಯಾಗಿ ಇಳಿಯತೊಡಗಿತು. ನನಗೆ ಅಳು ತಡೆಯಲಾಗಲಿಲ್ಲ. ಪುಟ್ಟಪ್ಪ ಮೈಕು ಹಿಡಿದುಕೊಂಡು ಹತ್ತಿರ ಬಂದ. ಊರಿಗೆಲ್ಲ ಕೇಳಲಿ ಎಂಬ ಆಸೆ ಅವನಿಗೆ, ಪಾಪ. ಅತ್ತೆ ಹಾಡು ಬಿಡದೆ ತಲೆಯಲ್ಲೇ ಬೇಡವೆಂದಳು.

ಎರಡು ಸೇರು ಮುಗಿಯುವಾಗ ಮಧ್ಯಾಹ್ನ ಇಳಿದಿತ್ತು. ಅಕ್ಕ ಕೈ ತೊಳೆಯಲು ಚೊಂಬಿನಲ್ಲಿ ನೀರು ತಂದಳು.

"ಇರ್ಲಿ ಬಿಡವ್ವ," ಎಂದಳು ಹಾಲಮ್ಮತ್ತೆ.

ಮೊಣಕೈ ತನಕ ಹಿಟ್ಟು ಮೆತ್ತಿದ ಕೈಗಳನ್ನು ಹಾಗೆಯೇ ಬಿಟ್ಟುಕೊಂಡು, ಸಂತೆ ತುಂಬಿದ ಬಜಾರಿನ ನಟ್ಟನಡುವೆ ಮನೆಗೆ ನಡೆದಳು. ಜಗಲಿಯಿಂದ ನಾನು ನೋಡುತ್ತಲೇ ಇದ್ದೆ. ಇದೇನು ಹಾಲಮ್ಮ, ಯಾರ ಮನೆಯ ಹಿಟ್ಟು ಎಂದು ಕೇಳಿದವರ ಮುಂದೆಲ್ಲ ನಿಂತು, ನಮ್ಮ ತೋಟಪ್ಪನ ಮಗಳ ಮದುವೇದು, ನಾನೇ ಬೀಸಿದೆ ಎಂದು ಹೇಳಿ ಮುಂದೆ ಹೋದಳು.