ಎಳಿ ಹರೀತ್ರಿ

ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ್ಗ ಓಡುವಾಗ ಎಷ್ಟು ಕೂಗಿದರೂ ಕೇಳುವುದಿಲ್ಲ. ಹೀಗಾಗಿ ನಾನು, ಮಗಳು ಪೂರ್ಣಿಮಾ ಒಂದೇ ಶೆಡ್ಡಿನ ಎರಡು ತುದಿಗೆ ನಿಂತು ಮೊಬೈಲಿನಲ್ಲಿ ಬರೆದು ಮಾತಾಡುತ್ತೇವೆ. ಆದರೆ ಆ ಮೊಬೈಲು ನಮ್ಮಿಬ್ಬರ ಮಾತಿಗಷ್ಟೇ ಇದ್ದರೆ ಹೇಗಾದರೂ ತಡೆಯಬಹುದಿತ್ತು. ನೇಕಾರರ ಸೊಸೈಟಿಯವರ ಗುಂಪು, ಓಣಿಯವರ ಗುಂಪು, ಬೀಗರ ಗುಂಪು ಎಂದು ದಿನವಿಡೀ ಕಿಸೆಯಲ್ಲಿ ಗುಯ್‌ಗುಡುತ್ತಲೇ ಇರುತ್ತದೆ. ನನಗೆ ಸಾಕಾಗಿ ಹೋಗಿದೆ. ಬೈದು ಬೈದು ಬೈಗುಳವೂ ಮುಗಿದ ಮೇಲೆ ಅಪ್ಪ-ಮಗಳು ಸೇರಿ ಹೊಸ ಶಬ್ದ ಹುಟ್ಟಿಸತೊಡಗಿದೆವು.

ಕಣ್ಣು ಬಿಡುವ ಮೊದಲೇ ಬಂದು ಬೀಳುವ ಗುಲಾಬಿ, ಶುಭೋದಯಗಳಿಗೆ ‘ಹೂಕಾಟ’ ಎಂದೆ ನಾನು. ಸಂತೆಯಲ್ಲಿ ನಿಂತು ಕಳಿಸಿದ, ಮಾತಿಗಿಂತ ಗದ್ದಲವೇ ಹೆಚ್ಚಿರುವ ಧ್ವನಿಸಂದೇಶಕ್ಕೆ ‘ಕಿವಿಸಂತಿ’ ಎಂದಳು ಅವಳು. ಆ ಕಡೆಯವರು ಬರೆಯುತ್ತಿದ್ದಾರೆ, ಬರೆಯುತ್ತಿದ್ದಾರೆ ಎಂದು ತೋರಿಸಿ ಕೊನೆಗೆ ಏನೂ ಬಾರದಿದ್ದರೆ ‘ಖಾಲಿ ಲಾಳಿ’. ನೂಲಿಲ್ಲದ ಲಾಳಿ ಎಷ್ಟು ಅತ್ತಿತ್ತ ಓಡಿದರೇನು, ಬಟ್ಟೆಯಾಗುವುದಿಲ್ಲವಲ್ಲ. ಓದಿಯೂ ಉತ್ತರ ಕೊಡದವರದು ‘ಬರೀ ಹಾಸು’. ನಾವು ಉದ್ದಕ್ಕೆ ನೂಲು ಹಾಸಿದ್ದೇ ಬಂತು, ಅಡ್ಡ ಹೊಕ್ಕು ಹೊಡೆಯುವವರೇ ಇಲ್ಲ. ಇನ್ನು ಮಾತಿನ ನಡುವೆ ನೆಟ್‌ವರ್ಕ್ ಹೋದರೆ ‘ಎಳಿ ಹರೀತು’. ಅದನ್ನು ಹುಟ್ಟಿಸುವ ಕಷ್ಟವೂ ಇರಲಿಲ್ಲ. ಮಗ್ಗದ ಮೇಲೆ ನೂಲಿನ ಎಳೆ ಕಡಿದಾಗೆಲ್ಲ ನೇಕಾರರ ಬಾಯಲ್ಲಿ ಬರುವ ಮಾತದು.

ಆ ಮಾತೇ ಮಗಳ ಮದುವೆಗೆ ಮುಳುವಾಗುವುದರಲ್ಲಿತ್ತು.

ಪೂರ್ಣಿಮಾಳಿಗೆ ಬೀಳಗಿಯ ಚಿದಾನಂದನನ್ನು ನೋಡಿದ್ದೆವು. ಅವರೂ ನಮ್ಮ ಪೈಕಿಯವರೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಹೊಲ ಹಿಡಿದವರು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಅವನ ತಾಯಿ ಶಿವವ್ವ ದಿನಾ ನಸುಕಿನಲ್ಲಿ ಬೀಗರ ಗುಂಪಿಗೆ ಒಂದು ಗುಲಾಬಿ ಕಳಿಸುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಅದನ್ನು ಅಳಿಸುತ್ತಿದ್ದೆ.

ಮೊನ್ನೆ ಸಂಜೆ ಶಿವವ್ವನವರೇ ಫೋನ್ ಮಾಡಿದ್ದರು. ಸೋಮವಾರ ಬಂದು ಹುಡುಗಿಗೆ ಸೀರೆ ಉಡಿಸಿ ಸಂಬಂಧ ಗಟ್ಟಿ ಮಾಡಲೇ ಎಂದು ಕೇಳಿದರು. ನಾನು ಹೂಂ ಅನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ. ಗುಂಪಿನಲ್ಲಿ ‘ಎಳಿ ಹರೀತ್ರಿ’ ಎಂದು ಬರೆದು ಕಳಿಸಿದೆ. ಅಷ್ಟರಲ್ಲಿ ಕರೆಂಟೂ ಹೋಯಿತು, ಇದ್ದಬದ್ದ ನೆಟ್‌ವರ್ಕೂ ಹೋಯಿತು. ನಾಳೆ ಮಾತಾಡಿದರಾಯಿತು ಎಂದು ಉಂಡು ಮಲಗಿದೆ.

ಬೆಳಿಗ್ಗೆ ಗುಲಾಬಿ ಬರಲಿಲ್ಲ. ಚಿದಾನಂದನ ಸೋದರತ್ತೆಯೊಬ್ಬರು ಗುಂಪು ಬಿಟ್ಟು ಹೋಗಿದ್ದರು. ಶಿವವ್ವ ಬರೆಯುತ್ತಿದ್ದಾರೆ ಎಂದು ತೋರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತೋರಿಸುತ್ತಿತ್ತು. ಫೋನ್ ಮಾಡಿದರೆ ಎತ್ತಲಿಲ್ಲ. ಖಾಲಿ ಲಾಳಿ ನೋಡಿ ನಗುತ್ತಿದ್ದ ನಾನು ಅಂದು ಮಗ್ಗ ನಿಲ್ಲಿಸಿ ಅದರ ಪಕ್ಕದಲ್ಲೇ ಕುಳಿತೆ. ಪೂರ್ಣಿಮಾ ನನ್ನ ಮೊಬೈಲು ಇಸಿದುಕೊಂಡು ಓದಿದಳು. ಅವಳ ಮುಖ ಸಣ್ಣಗಾಯಿತು.

“ಅಪ್ಪಾ, ಅವರ ಮನ್ಯಾಗ ಮಗ್ಗ ಎಲ್ಲೈತಿ?” ಎಂದಳು.

ಆಗ ನನ್ನ ತಲೆಗೆ ಹೊಳೆಯಿತು. ಮಗ್ಗವಿಲ್ಲದ ಮನೆಯಲ್ಲಿ ಎಳೆ ಹರಿಯಿತೆಂದರೆ ಸಂಬಂಧ ಹರಿಯಿತೆಂದೇ ಅರ್ಥ. ಅವಳು ಚಿದಾನಂದನಿಗೆ ಬರೆದು ತಿಳಿಸಿದಳು. ತಾಯಿ ಯಾರ ಮಾತೂ ಕೇಳುತ್ತಿಲ್ಲ, ನಿಮ್ಮಪ್ಪನೇ ಬಂದು ಹೇಳಿದರೆ ಚಲೋ ಎಂದು ಅವನಿಂದ ಉತ್ತರ ಬಂತು. ಜಮಖಂಡಿಗೆ ಹೋಗಿ ಅಲ್ಲಿಂದ ಬೀಳಗಿ ಬಸ್ಸು ಹತ್ತಿದೆ. ಎರಡಕ್ಷರ ಬರೆದು ಕೆಡಿಸಿದ್ದನ್ನು ಸರಿಮಾಡಲು ಅರ್ಧ ದಿನ ಮೈ ಕುಲುಕಿಸಿಕೊಳ್ಳಬೇಕಾಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು.

ಶಿವವ್ವ ನೀರು ಕೊಟ್ಟರು, ಮುಖ ಕೊಡಲಿಲ್ಲ. ಅವರ ಕಣ್ಣು ಕೆಂಪಾಗಿದ್ದವು.

“ಎಳಿ ಹರೀತು ಅಂತ ಬರದ್ರ ನಾವ ಏನ ತಿಳಕೋಬೇಕ್ರಿ?” ಎಂದು ಕೇಳಿದರು. “ಊರ ತುಂಬ ಹೇಳಕೊಂಡ ಬಂದಿದ್ನಿ, ಸೊಸಿ ಬರ್ತಾಳಂತ.”

“ತಪ್ಪ ನಂದರಿ,” ಎಂದೆ. “ಫೋನ್ ಕಟ್ಟಾತು ಅನ್ನಾಕ ಹಂಗ ಬರದ್ನಿ. ನಮ್ಮ ಮನ್ಯಾಗ ಎಳಿ ದಿನಾ ಹರೀತಾವ. ಹರದಾಗ ಒಮ್ಮಿ ಒದರತೀವಿ, ಮಗ್ಗ ನಿಲ್ಲಸತೀವಿ, ಗಂಟ ಹಾಕತೀವಿ. ಎಳಿ ಹರೀತಂತ ಯಾರೂ ಸೀರಿ ಕೊಯ್ದ ಒಗಿಯಾಂಗಿಲ್ರಿ.”

ಅವರು ಎದ್ದು ಒಳಗೆ ಹೋದರು. ಚಹಾ ತಂದಿಟ್ಟು ಎದುರಿಗೆ ಕುಳಿತರು.

“ಸೋಮವಾರ ಬರತೀವಿ. ಆದ್ರ ನಿಮ್ಮ ಭಾಷಾ ಒಂದೀಟ ನನಗೂ ಕಲಸ್ರಿ. ನಾಳಿ ಸೊಸಿ ಒದರಿದ್ರ ತಿಳೀಬೇಕಲ್ಲ.”

ಹೋದ ಜೀವ ಬಂದಂತಾಯಿತು. ನಮ್ಮ ಶಬ್ದಗಳನ್ನೆಲ್ಲ ಹೇಳಿದೆ. ಕಿವಿಸಂತಿಗೆ ಅವರು ಸೆರಗು ಅಡ್ಡ ಹಿಡಿದು ನಕ್ಕರು. ಹೂಕಾಟವನ್ನು ಮಾತ್ರ ಚಹಾದ ಜೊತೆ ನುಂಗಿಬಿಟ್ಟೆ.

ಮರುದಿನ ನಸುಕಿನಲ್ಲಿ ಎದ್ದು ಮೊಬೈಲು ಹಿಡಿದೇ ಕುಳಿತಿದ್ದೆ. ಗುಲಾಬಿ ಬಂತು. ಇಬ್ಬನಿ ಹನಿ ಬೇರೆ ಇತ್ತು ಅದರ ಮೇಲೆ. ತಿರುಗಿ ಒಂದು ಕಳಿಸೋಣವೆಂದರೆ ನನ್ನ ಹತ್ತಿರ ಒಂದು ಹೂವೂ ಉಳಿದಿರಲಿಲ್ಲ, ಬಂದದ್ದನ್ನೆಲ್ಲ ಅಳಿಸಿದ್ದೆನಲ್ಲ. ಅವರ ಗುಲಾಬಿಯನ್ನೇ ಅವರಿಗೆ ಕಳಿಸಿದೆ.

ಬೆನ್ನ ಹಿಂದೆ ನಿಂತಿದ್ದ ಪೂರ್ಣಿಮಾ ನಕ್ಕಳು.

“ಬಂದ ಮುಯ್ಯಿನ ತಿರಗಿ ಕೊಟ್ಟಂಗಾತು. ಇದಕ್ಕ ಹೂಮುಯ್ಯಿ ಅನ್ನೂಣು, ಅಪ್ಪಾ.”

ಒಳ್ಳೆಯ ಶಬ್ದ. ನಗಬೇಕೆಂದರೆ ನಗು ಬರಲಿಲ್ಲ. ನಿನ್ನೆಯಿಡೀ ಈ ಮದುವೆ ಎಲ್ಲಿ ತಪ್ಪುತ್ತದೋ ಎಂದು ಹೆದರಿದ್ದೆ. ಇನ್ನು ಅದು ತಪ್ಪುವುದಿಲ್ಲ. ಶೆಡ್ಡಿನ ಆ ತುದಿಯಲ್ಲಿ ಇನ್ನು ಇವಳು ನಿಂತಿರುವುದಿಲ್ಲ.

“ಬೀಳಗ್ಯಾಗ ನೆಟ್‌ವರ್ಕ್ ಹೆಂಗೈತಿ, ಅದನ್ನ ಮೊದಲ ಕೇಳ ಬೇ,” ಎಂದೆ.