ಹುಳದ ಮನೆಗೆ ಚೀಟಿ

ಹುಳ ಬಲ್ಲವನಿಗೆ ರೋಗವಿಲ್ಲ, ಮಿಮಿಕ್ರಿ ಬಲ್ಲವನಿಗೆ ಊಟವಿಲ್ಲ. ಗಾದೆ ಹೀಗಿರಲಿಲ್ಲ, ನನ್ನ ಬಾಯಿಗೆ ಬಿದ್ದು ಹೀಗಾಯಿತು. ಕಥೆ ಮಾತ್ರ ನಿಜ. ಸಾದಲಿಯಲ್ಲಿ ಯಾರನ್ನಾದರೂ ಕೇಳಿ.

ನಮ್ಮ ಸೋದರಮಾವ ಮುನಿವೆಂಕಟಪ್ಪನವರ ರೇಷ್ಮೆ ಹುಳದ ಮನೆಗೆ ಸುಮ್ಮನೆ ನುಗ್ಗುವ ಹಾಗಿಲ್ಲ. ಬಾಗಿಲಲ್ಲೇ ಬ್ಲೀಚಿಂಗ್ ನೀರಿನ ಬೋಗುಣಿ. ಕಾಲು ಅದ್ದಬೇಕು, ಕೈ ತೊಳೆಯಬೇಕು, ಒಳಗೆ ಪಿಸುಮಾತೇ ಆಡಬೇಕು. ಕೆಮ್ಮಿದವರು ಮುಂದಿನ ಬೆಳೆಗೆ ಬರಬಹುದು.

ಮಾವನ ಸ್ವಂತ ಮೈಗೆ ಮಾತ್ರ ಕಾವಲಿರಲಿಲ್ಲ. ರಕ್ತದ ಕಾಯಿಲೆಗೆ ಚಿಕಿತ್ಸೆಯಾದ ಮೇಲೆ ಅವರ ದೇಹ ರೋಗ ತಡೆಯುವ ಪ್ರತಿಕಾಯ ತಯಾರಿಸುವುದನ್ನೇ ಬಿಟ್ಟಿತ್ತು. ನಾಲ್ಕು ವಾರಕ್ಕೊಮ್ಮೆ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗಿ, ಬೇರೆಯವರ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಡ್ರಿಪ್‌ನಲ್ಲಿ ಏರಿಸಿಕೊಳ್ಳಬೇಕು. ಹೋದ ಸಲ ತಪ್ಪಿಸಿ, ನ್ಯುಮೋನಿಯಾ ಬಂದು ಹನ್ನೆರಡು ದಿನ ಮಲಗಿದ್ದರು. ಈ ಸಲವೂ ಅದೇ ರಾಗ.

"ಹುಳ ಕೊನೇ ಪೊರೆ ಬಿಟ್ಟು ಎದ್ದಿವೆ, ಒಂದೇ ಸಮ ಸೊಪ್ಪು ಕೇಳ್ತವೆ. ಬಿಟ್ಟು ಎಲ್ಲಿಗಪ್ಪ ಹೋಗ್ಲಿ?"

ಓಬಳಮ್ಮತ್ತೆ ನನ್ನನ್ನು ಹಿತ್ತಲಿಗೆ ಕರೆದರು. "ಊರೋರ ದನಿಯೆಲ್ಲ ಕದ್ದು ಆಡಿಕೊಳ್ತೀಯಲ್ಲ, ಒಂದ್ಸಲ ಉಪಕಾರಕ್ಕೆ ಬಳಸೋ. ಇನ್ನೊಮ್ಮೆ ಹಂಗೆ ಮಲಗಿದ್ರೆ ಏಳೋದು ಕಷ್ಟ ಅಂದವ್ರೆ ಡಾಕ್ಟ್ರು."

ಹೊಸ ಸಿಮ್ ಹಾಕಿ, ಅರ್ಧ ಮಾತು ಮೂಗಲ್ಲೇ ಮುಗಿಸುವ ರೇಷ್ಮೆ ಅಧಿಕಾರಿ ಭಾನುಪ್ರಕಾಶರ ದನಿಯಲ್ಲಿ ಮಾವನಿಗೆ ಫೋನ್ ಮಾಡಿದೆ. "ನಾಡಿದ್ದು ತಪಾಸಣೆಗೆ ಬರ್ತೀನಿ. ರೋಗನಿರೋಧಕ ಶಕ್ತಿ ಇಲ್ಲದೋರು ಹುಳದ ಮನೆಗೆ ಕಾಲಿಡೋ ಹಾಗಿಲ್ಲ. ಆಸ್ಪತ್ರೆ ಚೀಟಿ ತೋರಿಸಬೇಕು."

ಬೇರೆ ಯಾರಾದರೂ ನಕ್ಕು ಫೋನಿಡುತ್ತಿದ್ದರು. ಮಾವನಿಗೆ ಇಂಥ ಕಾನೂನು ಇಷ್ಟು ದಿನ ಯಾಕಿರಲಿಲ್ಲ ಅನ್ನಿಸಿರಬೇಕು. "ನ್ಯಾಯವಾದ ಮಾತು ಸ್ವಾಮಿ" ಅಂದರು.

ಮರುದಿನ ಹುಳಗಳನ್ನು ಅತ್ತೆಗೆ ಒಪ್ಪಿಸಿ, ಮಾಸ್ಕ್ ಹಾಕಿ, ನನ್ನ ಬೈಕ್ ಹತ್ತಿದರು. ಆಸ್ಪತ್ರೆಯಲ್ಲಿ ಡ್ರಿಪ್ ತೊಟ್ಟಿಕ್ಕುತ್ತಿದ್ದಾಗ ನರ್ಸ್ ತನುಜಾಳನ್ನು ಕೇಳಿದರು: "ಇದು ಎಷ್ಟು ಜನರದಮ್ಮ?"

"ಸಾವಿರಾರು ಜನರದು ತಾತ."

"ಅಷ್ಟೂ ಜನ ಕಾಲು ತೊಳ್ಕೊಂಡು ಬಂದವ್ರಾ?"

"ತೊಳೆಸಿಯೇ ಒಳಗೆ ಬಿಡ್ತಿರೋದು, ಸುಮ್ನೆ ಮಲಗಿ."

ಮಾವ ತಲೆದೂಗಿದರು. ಚೀಟಿ ಬೇಕೇ ಬೇಕೆಂದು ಹಟ ಹಿಡಿದದ್ದಕ್ಕೆ ಆಕೆ ಬರೆದುಕೊಟ್ಟಳು: "ಇವರಿಗೆ ಇಂದು ಪ್ರತಿಕಾಯ ಕೊಡಲಾಗಿದೆ. ಹುಳಗಳ ವಿಷಯ ನನಗೆ ತಿಳಿಯದು."

ಮಾರನೆಯ ದಿನ ಮಾವ ಇಸ್ತ್ರಿ ಅಂಗಿ ತೊಟ್ಟು, ಚೀಟಿ ಹಿಡಿದು ಹುಳದ ಮನೆಯ ಬಾಗಿಲಲ್ಲಿ ನಿಂತರು. ಮಧ್ಯಾಹ್ನವಾಯಿತು, ಸಾಹೇಬರ ಸುಳಿವಿಲ್ಲ. "ಫೋನ್ ಮಾಡೇ ಬಿಡ್ತೀನಿ" ಅಂತ ಆ ನಂಬರಿಗೆ ಒತ್ತಿದರು.

ನನ್ನ ಜೇಬು ರಿಂಗಾಯಿತು.

ಮಾವ ನನ್ನ ಜೇಬನ್ನೇ ನೋಡಿದರು. ಅತ್ತೆ ಸೊಪ್ಪಿನ ಬುಟ್ಟಿಯೊಳಗೆ ಮುಖ ಇಟ್ಟರು. ಬೇರೆ ದಾರಿ ಕಾಣದೆ ಫೋನೆತ್ತಿ ಮೂಗಿನಲ್ಲೇ ಅಂದೆ, "ಹಲೋ, ಭಾನುಪ್ರಕಾಶ್."

ಎರಡು ಮಾರು ದೂರದಿಂದ ಮಾವ ಫೋನಿನಲ್ಲೇ ಮಾತಾಡಿದರು, "ಸ್ವಾಮಿ, ನಂದು ಚೀಟಿ ಐತೆ. ನಿಮ್ಮದು?"

"ಇಲ್ಲ ಮುನಿವೆಂಕಟಪ್ಪನೋರೆ."

"ಹಂಗಾದ್ರೆ ಕಾಲು ತೊಳೀಬೇಕಾಯ್ತದೆ." ಬೋಗುಣಿಯ ನೀರನ್ನು ಪೂರ್ತಿ ನನ್ನ ಹೊಸ ಶೂ ಮೇಲೆ ಸುರಿದರು. "ನಾಲ್ಕು ವಾರ ಬಿಟ್ಟು ನೀವೇ ಫೋನ್ ಮಾಡಿ ನೆನಪಿಸಿ ಸ್ವಾಮಿ. ನಮ್ಮಳಿಯ ಮರೆಗುಳಿ."

ಆಮೇಲೆ ಮಾವ ನಕ್ಕರು ನೋಡಿ. ಆ ಸದ್ದಿನಲ್ಲಿ ಅತ್ತೆಯೂ ನಾನೂ ನಕ್ಕದ್ದು ಯಾರಿಗೂ ಕೇಳಲೇ ಇಲ್ಲ. ಪಿಸುಮಾತಿನ ಕಾನೂನು ಮಾಡಿದವರ ನಗೆಗೆ, ಒಳಗೆ ಸೊಪ್ಪು ಮೇಯುತ್ತಿದ್ದ ಹುಳಗಳೆಲ್ಲ ತಲೆ ಎತ್ತಿದವು.